ಸೈಲೆನ್ಸರ್ ಬಾಯಿಗೆ ಹಿಡಿದ ಟೋಪಿ

ಶಿಕ್ಷಕಿಯ ಸೀರೆ ಬಿಳಿಯದಾಗಿತ್ತು ಎಂದು ಮೊದಲು ಬರೆದಿದ್ದೆ. ಹೊಗೆಯ ಪಕ್ಕದಲ್ಲಿ ಬಿಳಿ ಸೀರೆ ಚೆಂದ ಕಾಣುತ್ತದೆ; ಅದಕ್ಕೇ ಅನುಮಾನ ಬಂದು ಹೊಡೆದುಹಾಕಿದೆ. ಸೀರೆಯ ಬಣ್ಣ ನನಗೆ ನೆನಪಿಲ್ಲ. ಹೊಗೆ ನೆನಪಿದೆ.

ಅದು ಅಪ್ಪನ ಟೆಂಪೋದ ಹೊಗೆ. ಎರಡು ಸಾವಿರದ ಇಸವಿಯ ಆಸುಪಾಸು, ಸವದತ್ತಿ ಕಡೆಯಿಂದ ಬೆಳಗಾವಿ ಪಕ್ಕದ ಪೀರನವಾಡಿಗೆ ಹೊಸದಾಗಿ ಬಂದಿದ್ದೆವು. ಅಪ್ಪ ಬೆಳಿಗ್ಗೆ ನಗರದ ಕ್ಯಾಂಪ್ ಬಡಾವಣೆಯಿಂದ ನಾಲ್ವರು ಶಿಕ್ಷಕಿಯರನ್ನು ಖಾನಾಪುರದ ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಿದ್ದ. ಕಾಯಂ ಗಿರಾಕಿ ಎಂದರೆ ಅವರೇ. ನನಗೆ ಕೆಲಸ ಬೆಳಗಾವಿಯ ಒಂದು ಪಂಪ್-ನಾಝಲ್ ಅಂಗಡಿಯಲ್ಲಿ. ಡೀಸೆಲ್ ಗಾಡಿಗಳ ಹೊಗೆ ನಿಲ್ಲಿಸುವುದೇ ನಮ್ಮ ಧಂದೆ. ಅಪ್ಪನ ಗಾಡಿ ಅಂಗಡಿಯ ಮುಂದೆ ಹಾದರೆ ಮಾಲೀಕ ಮೂಗಿಗೆ ಕರವಸ್ತ್ರ ಹಿಡಿದು, "ನಿಮ್ಮಪ್ಪ ನಮ್ಮ ಅಂಗಡಿ ಜಾಹೀರಾತ ಮಾಡಾಕತ್ತಾನ ನೋಡೋ" ಎನ್ನುತ್ತಿದ್ದ. ನಾನು ತಲೆ ತಗ್ಗಿಸಿ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದೆ.

ಅಪ್ಪ ನಾಝಲ್ ಮುಟ್ಟಗೊಡುತ್ತಿರಲಿಲ್ಲ. ಲೋಡ್ ಎಳೆಯಲೆಂದು ಪಂಪ್ ಏರಿಸಿಕೊಂಡಿದ್ದ, ಅಂದರೆ ಎಂಜಿನ್ನಿಗೆ ಹೆಚ್ಚು ಡೀಸೆಲ್ ಹೋಗುವಂತೆ ಮಾಡಿಸಿದ್ದ. "ಹೊಗಿ ಬರಾಕತ್ತೈತಿ ಅಂದ್ರ ಗಾಡಿಗೆ ಜೋರ ಐತಿ ಅಂತ" ಎನ್ನುವುದು ಅವನ ನಂಬಿಕೆ.

ಒಂದು ಸಂಜೆ ಬೆವರಿ ಮನೆಗೆ ಬಂದ. ಮರಾಠಿ ಮನೆಯವರಾದ ಹಿರಿಯ ಶಿಕ್ಷಕಿ ಇಳಿದ ಮೇಲೆ ಕಿಟಕಿ ಹತ್ತಿರ ಬಂದು, ಎಂಜಿನ್ ಸದ್ದಿನ ನಡುವೆ, ದೂರು ಬಂದಿದೆ ಎಂದರಂತೆ. ಮರುದಿನ ನಾಲ್ವರೂ ಬಸ್ ಹತ್ತಿದರು. ಯಾರು ಯಾರಿಗೆ ದೂರು ಕೊಟ್ಟರೆಂದು ಅಪ್ಪ ಕೇಳಲಿಲ್ಲ; ಪೊಲೀಸರಿಗೇ ಇರಬೇಕು ಎಂದುಕೊಂಡ. ಟೆಂಪೋವನ್ನು ಮನೆಯ ಹಿಂದೆ ನಿಲ್ಲಿಸಿ ತಾಡಪತ್ರಿ ಹೊದಿಸಿದ.

"ಏನರ ಮಾಡಪಾ, ನಿಂದ ಕೆಲಸ ಐತಿ ಇದು" ಎಂದ ನನಗೆ.

ನಾಝಲ್ ಬಿಚ್ಚಿ ಅಂಗಡಿಯ ಟೆಸ್ಟರಿಗೆ ಕಟ್ಟಿ ಹಿಡಿಕೆ ಒತ್ತಿದೆ. ಮಂಜಿನಂತೆ ಸಿಡಿಯಬೇಕಾದ ಡೀಸೆಲ್ ಹನಿಹನಿಯಾಗಿ ಸೋರಿತು. "ಮುದುಕ ಉಚ್ಚಿ ಹೊಯ್ದಂಗ" ಎಂದ ಮಾಲೀಕ. ಹನಿ ದಪ್ಪವಾದರೆ ಪೂರ್ತಿ ಉರಿಯುವುದಿಲ್ಲ; ಉರಿಯದ್ದು ಮಸಿಯಾಗಿ ಹಿಂದೆ ಬರುತ್ತದೆ. ಹೊಸ ನಾಝಲ್ ಹಾಕಿದೆ, ಪಂಪ್ ಇಳಿಸಿದೆ, ಡೀಸೆಲ್ ಸಿಡಿಯುವ ಗಳಿಗೆಯನ್ನೂ ಹೊಂದಿಸಿದೆ. ಅಪ್ಪ ಏರಿನಲ್ಲಿ ಓಡಿಸಿ ನೋಡಿದ. ಎಳೆತ ಕಡಿಮೆಯಾಗಿರಲಿಲ್ಲ.

ಆದರೆ ದೂರು ಹಾಗೇ ಇತ್ತಲ್ಲ. ಶಾಲೆ ಬಿಡುವ ಹೊತ್ತಿಗೆ ನನ್ನನ್ನೂ ಕೂರಿಸಿಕೊಂಡು ಖಾನಾಪುರಕ್ಕೆ ಹೋದ. ನಾಲ್ವರೂ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅಪ್ಪ ಕೈಮುಗಿದ.

"ಅಕ್ಕೋರ, ತಪ್ಪಾತ್ರಿ. ಆ ದೂರು ವಾಪಸ್ ತಗೋರಿ."

"ಯಾವ ದೂರು?" ಎಂದರು ಹಿರಿಯ ಶಿಕ್ಷಕಿ.

"ನೀವ ಅಂದ್ರಲ್ರಿ, ದೂರು ಬಂದದ ಅಂತ."

"ಅಯ್ಯ, ನಾ ಅಂದದ್ದು ಧೂರ್ ಬಂದ್ ಕರಾ ಅಂತ. ನಮ್ಮ ಮರಾಠಿಯೊಳಗ ಧೂರ್ ಅಂದ್ರ ಹೊಗಿ. ಹೊಗಿ ಬಂದ್ ಮಾಡ್ರಿ ಅಂದೆ. ಇಕಿಗೆ ದಿನಾ ವಾಂತಿ ಆಗ್ತಿತ್ತು, ಅದಕ್ಕ ಬಸ್ ಹತ್ತಿದ್ವಿ" ಎಂದು ಪಕ್ಕದ ಶಿಕ್ಷಕಿಯನ್ನು ತೋರಿಸಿದರು.

ಇನ್ನೊಬ್ಬರು ಸೆರಗು ಬಾಯಿಗೆ ಒತ್ತಿದರು. "ಮತ್ತ ಮಾಮಾ, ಇಷ್ಟು ದಿವಸ ಪೊಲೀಸರ ದಾರಿ ನೋಡ್ಕೋತ ಕುಂತಿದ್ರೇನು?"

ಸ್ಟ್ಯಾಂಡಿನಲ್ಲಿದ್ದವರು ನಕ್ಕರು. ಅಪ್ಪನೂ ನಕ್ಕ ಎಂದು ಬರೆಯಲು ಕೈ ಹೋಗುತ್ತದೆ. ನಾನು ಕಂಡದ್ದು ಅದಲ್ಲ. ಅವನು ತಲೆಯ ಮೇಲಿನ ಬಿಳಿ ಟೋಪಿ ತೆಗೆದ. ಸಾವಿನ ಮನೆಯಲ್ಲಿ ಬಿಟ್ಟರೆ ಪರರೆದುರು ಅಪ್ಪ ಬರಿದಲೆಯಲ್ಲಿ ನಿಂತವನಲ್ಲ.

"ಗಾಡಿ ಚಾಲೂ ಮಾಡು" ಎಂದ ನನಗೆ. "ರೇಸ್ ಕೊಡು."

ಕೊಟ್ಟೆ. ಅವನು ಹಿಂದೆ ಹೋಗಿ, ಬಗ್ಗಿ, ಟೋಪಿಯನ್ನು ಸೈಲೆನ್ಸರ್ ಬಾಯಿಗೆ ಹಿಡಿದ. ಕನ್ನಡಿಯಲ್ಲಿ ಅವನ ನೆತ್ತಿ ಕಂಡಿತು. ಅದು ಅಷ್ಟು ಬೋಳಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಕಣ್ಣು ತಗ್ಗಿಸಿದೆ, ಕಾಲು ಮಾತ್ರ ಆಕ್ಸಿಲರೇಟರ್ ಮೇಲೆ ಒತ್ತಿಕೊಂಡೇ ಇತ್ತು.

"ನೋಡ್ರಿ ಅಕ್ಕೋರ" ಎಂದು ಅವನು ಟೋಪಿ ಚಾಚುವುದು ಕೇಳಿಸಿತು.

"ಸಾಕ್ರಿ, ಸಾಕು. ಮೊದಲ ಟೋಪಿ ಹಾಕ್ಕೋರಿ" ಎಂದರು ಹಿರಿಯ ಶಿಕ್ಷಕಿ.

ನಾಲ್ವರೂ ಟೆಂಪೋ ಹತ್ತಿದರು. ಟೋಪಿಯ ಮೇಲೆ ಬೂದು ಬಣ್ಣದ ತೆಳು ಉಂಗುರವೊಂದು ಮೂಡಿತ್ತು. ಅದನ್ನೇ ಹಾಕಿಕೊಂಡು ಅಪ್ಪ ಗಾಡಿ ಬಿಟ್ಟ. ಕ್ಯಾಂಪಿನವರೆಗೂ ಪ್ರತಿ ಏರಿನಲ್ಲಿ ಕನ್ನಡಿ ನೋಡುತ್ತಿದ್ದ. ಹಿಂದೆ ರಸ್ತೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ನೋಡುತ್ತಿದ್ದ.