ರಮಾಮಣಿ ಸಿಯೋಲ್‌ನಿಂದ ತಂದ ತಿಂಡಿ

ಕ್ರ್ಯಾನ್‌ಬರಿ ಊರಿನ ಒಂದು ಔಷಧ ಕಂಪನಿಯಲ್ಲಿ ರಮಾಮಣಿಯ ಕೆಲಸ ಲೇಬಲ್ ಓದುವುದು. ಮಾತ್ರೆಯಲ್ಲಿ ಏನಿದೆ, ಕ್ಯಾಪ್ಸೂಲಿನ ಹೊದಿಕೆ ಯಾವುದರಿಂದ ಆದದ್ದು, ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ತಾಳೆಯಾಗುತ್ತದೆಯೇ ಎಂದು ಇಪ್ಪತ್ತೆರಡು ವರ್ಷಗಳಿಂದ ನೋಡುತ್ತ ಬಂದವಳು. ಹುಟ್ಟಿದ್ದು ಧಾರವಾಡ, ಸೊಸೆಯಾಗಿ ಹೋದದ್ದು ಮೈಸೂರಿನ ಮನೆಗೆ. ಗಂಡ ಚಂದ್ರಶೇಖರನ ಆಫೀಸು ಮ್ಯಾನ್‌ಹ್ಯಾಟನ್‌ನಲ್ಲಿ ಇದ್ದುದರಿಂದ ಮನೆ ಮಾಡಿದ್ದು ನದಿಯ ಈಚೆ ದಡದ ಫೋರ್ಟ್ ಲೀಯಲ್ಲಿ. ದಿನಾ ಒಂದೂಕಾಲು ಗಂಟೆ ಡ್ರೈವ್ ಮಾಡಿ ಕೆಲಸಕ್ಕೆ ಹೋಗುವ ಪಾಲು ಇವಳದು.

ಕಳೆದ ವರ್ಷ ಕಂಪನಿಯವರು ಸಿಯೋಲ್ ಹತ್ತಿರದ ಕಾರ್ಖಾನೆಯೊಂದನ್ನು ಪರಿಶೀಲಿಸಿ ಬಾ ಎಂದು ಅವಳನ್ನು ಆರಿಸಿದರು. ಹತ್ತು ದಿನ. ಮದುವೆಯಾದ ಮೇಲೆ ಅವಳು ಒಬ್ಬಳೇ ಹೊರಡುತ್ತಿದ್ದ ಮೊದಲ ಪ್ರಯಾಣ ಅದು. ಸುದ್ದಿ ಕೇಳಿದ ಗಂಡನ ಅಣ್ಣ, ಭಾವ ಪ್ರಾಣೇಶ ಫೋನಿನಲ್ಲೇ, "ಅಲ್ಲಿ ಏನ್ ತಿಂತೀಯಮ್ಮ? ಅವಲಕ್ಕಿ ಕಟ್ಕೊಂಡ್ ಹೋಗು," ಎಂದು ನಕ್ಕಿದ್ದ.

ರಮಾಮಣಿ ಅವಲಕ್ಕಿ ಕಟ್ಟಿಕೊಂಡಳು. ಅದಕ್ಕೂ ಮುಂಚೆ, ಲೇಬಲ್ ಓದಲು ಕಲಿಸಿ ಎಂದು ಮೇಲಿನ ಮಹಡಿಯ ಕೊರಿಯನ್ ಅಜ್ಜಿ ಯೂನ್ ಅವರ ಬಾಗಿಲು ತಟ್ಟಿದ್ದಳು. ಎಪ್ಪತ್ತನಾಲ್ಕು ವರ್ಷದ ಯೂನ್ ಒಂಟಿಯಾಗಿದ್ದರು. ಲಿಫ್ಟಿನಲ್ಲಿ ಮಾತಾಡಿ ಪರಿಚಯ. ಮೂರು ತಿಂಗಳು, ವಾರಕ್ಕೆರಡು ಸಂಜೆ, ಅವರ ಅಡುಗೆಮನೆಯ ಮೇಜಿನ ಮೇಲೆ ಖಾಲಿ ಪೊಟ್ಟಣಗಳನ್ನು ಹರಡಿಕೊಂಡು ಇಬ್ಬರೂ ಕೂತರು. ಸೀಗಡಿಗೆ ಏನನ್ನುತ್ತಾರೆ, ಮೀನಿಗೆ ಏನು, ದನದ ಮಾಂಸಕ್ಕೆ ಏನು ಎಂದು ಅಕ್ಷರ ಕೂಡಿಸಿ ಓದುವುದನ್ನು ಯೂನ್ ಕಲಿಸಿದರು. ತಪ್ಪಿದರೆ ಮೇಜಿನ ಮೇಲೆ ಚಮಚ ಬಡಿಯುತ್ತಿದ್ದರು.

ಸಿಯೋಲ್‌ನಲ್ಲಿ ಕೆಲಸ ಮುಗಿದ ಕೊನೆಯ ಎರಡು ದಿನ ರಮಾಮಣಿ ಮಾರುಕಟ್ಟೆ ಸುತ್ತಿದಳು. ಒಂದೊಂದು ಪೊಟ್ಟಣದ ಹಿಂಬದಿಯನ್ನೂ ಕನ್ನಡಕ ಏರಿಸಿ, ತುಟಿ ಅಲುಗಿಸಿ ಓದಿದಳು. ಜೇನಿನಲ್ಲಿ ಅದ್ದಿದ, ಹೂವಿನಾಕಾರದ ಯಾಕ್ವಾ ಎಂಬ ಕರಿದ ಸಿಹಿ. ನಮ್ಮ ಚುರುಮುರಿ ಉಂಡೆಯ ಹಾಗೇ ಇದ್ದ, ಅಕ್ಕಿ ಅರಳಿನ ಗಾಂಗ್‌ಜಂಗ್. ಹುರಿದ ಬಾರ್ಲಿಯ ಚಹಾ. ನಿಂಬೆಯ ಜಾತಿಯ ಯೂಜಾ ಹಣ್ಣಿನ ಸಿಪ್ಪೆಯನ್ನು ಜೇನಿನಲ್ಲಿ ನೆನೆಸಿದ ಬಾಟಲಿ, ಬಿಸಿನೀರಿಗೆ ಒಂದು ಚಮಚ ಹಾಕಿ ಕುಡಿಯುವುದು. ಅಕ್ಕಿಯಿಂದ ಮಾಡಿದ ಸಿಹಿ ಪಾನಕದ ಡಬ್ಬಿಗಳು. ಅನುಮಾನ ಬಂದದ್ದನ್ನೆಲ್ಲ ವಾಪಸ್ ಇಟ್ಟಳು. ಅಂಗಡಿಯ ಮುದುಕಿಯೊಬ್ಬಳು ಇವಳು ಓದುವುದನ್ನು ನಿಂತು ಕೇಳಿ, ಬೆನ್ನು ತಟ್ಟಿ, ಒಂದು ಪೊಟ್ಟಣ ಹೆಚ್ಚಿಗೆ ಹಾಕಿದಳು. ಸೂಟ್‌ಕೇಸಿನಲ್ಲಿ ಜಾಗ ಸಾಲದೆ ಎರಡು ಸೀರೆಯನ್ನು ಕೈಚೀಲಕ್ಕೆ ಸಾಗಿಸಿದಳು.

ಬಂದ ಮುಂದಿನ ಭಾನುವಾರ ವುಡ್‌ಬ್ರಿಡ್ಜ್‌ನ ಭಾವನ ಮನೆಯಲ್ಲಿ ಊಟ. ಇಪ್ಪತ್ತು ಜನ ಸೇರಿದ್ದರು. ಓರಗಿತ್ತಿಯನ್ನು ಮೊದಲೇ ಕೇಳಿ, ರಮಾಮಣಿ ಯೂನ್ ಅವರನ್ನೂ ಕರೆದುಕೊಂಡು ಹೋಗಿದ್ದಳು. ಊಟವಾದ ಮೇಲೆ ಯಾಕ್ವಾ, ಗಾಂಗ್‌ಜಂಗ್ ತಟ್ಟೆಯಲ್ಲಿ ಜೋಡಿಸಿ, ಯೂಜಾ ಚಹಾ ಮಾಡಿ ನಡುಮನೆಗೆ ತಂದಳು. ಯೂನ್ ಪಕ್ಕದಲ್ಲಿ ನಿಂತು ಲೋಟ ಕೊಡುತ್ತಿದ್ದರು. ಒಂದಿಬ್ಬರು ಕೈ ಚಾಚಿದರು.

"ತಡೀರಿ, ತಡೀರಿ," ಎಂದ ಪ್ರಾಣೇಶ ಸೋಫಾದಿಂದ. "ಅವರು ಯಾವುದಕ್ಕೆ ಏನ್ ಹಾಕ್ತಾರೋ. ತಿಂದು ಮನೆಗೆ ಹೋದ್ಮೇಲೆ ಹೊಟ್ಟೆ ಒಳಗಿಂದ..." ಎಂದು ನಿಲ್ಲಿಸಿ, ಕತ್ತು ಮೇಲೆತ್ತಿ ನಾಯಿಯ ಹಾಗೆ ಬೊಗಳಿದ. ಎರಡು ಸಲ.

ನಡುಮನೆ ಪೂರ್ತಿ ನಕ್ಕಿತು. ತಟ್ಟೆಗೆ ಚಾಚಿದ ಕೈಗಳು ಹಿಂದೆ ಸರಿದವು. ಚಂದ್ರಶೇಖರನೂ ನಕ್ಕ, ರಮಾಮಣಿ ನೋಡಿದಳು. ಯೂನ್ ಅವರಿಗೆ ಕನ್ನಡ ಬಾರದು. ಅವರು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ರಮಾಮಣಿಗೆ ಕಿವಿಯವರೆಗೂ ರಕ್ತ ಏರಿತು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವಳು ಭಾವನಿಗೆ ಎದುರಾಡಿರಲಿಲ್ಲ. ಅವಳ ಧಾರವಾಡದ ಮಾತನ್ನು ಅವನು ಅಣಕಿಸಿದಾಗಲೂ, ಸಂಬಳದ ಬಗ್ಗೆ ಕೊಂಕು ನುಡಿದಾಗಲೂ ನಕ್ಕು ಸುಮ್ಮನಾಗಿದ್ದಳು.

"ಭಾವ," ಎಂದಳು. ನಗು ಇನ್ನೂ ನಿಂತಿರಲಿಲ್ಲ. ಅದು ನಿಲ್ಲುವವರೆಗೆ ಕಾದಳು. "ಇದರಾಗ ಗೋಧಿಹಿಟ್ಟು, ಅಕ್ಕಿ, ಎಣ್ಣಿ, ಜೇನು, ಶುಂಠಿ ಅದ. ಬ್ಯಾರೆ ಏನಿಲ್ಲ. ಓದೇ ತಂದೀನಿ. ನೀವು ದಿನಾ ಸಂಧ್ಯಾವಂದನಿ ಮುಗಿಸಿ ವಿಟಮಿನ್ ಕ್ಯಾಪ್ಸೂಲ್ ನುಂಗ್ತೀರಲ್ಲ, ಅದರ ಹೊದಿಕಿ ದನದ ಎಲುಬು, ಚರ್ಮ ಕುದಿಸಿ ಮಾಡಿದ್ದು. ಡಬ್ಬಿ ಮ್ಯಾಲೇ ಬರದಾರ. ಹನ್ನೊಂದು ವರ್ಷದಿಂದ ನಿಮ್ಮ ಅಡಿಗಿಮನಿಯೊಳಗ ನೋಡಲಿಕ್ಕತ್ತೀನಿ. ನಿಮಗ ಬ್ಯಾಸರ ಆಗಬಾರದಂತ ಬಾಯಿ ಬಿಡಲಿಲ್ಲ. ಯಾರಾದರೂ ನಿಮ್ಮ ಮುಂದ ನಿಂತು ಅಂಬಾ ಅಂದಾರೇನು?"

"ಜೋಕ್ ಮಾಡಿದ್ನಮ್ಮ," ಎಂದ ಪ್ರಾಣೇಶ. ಮುಖ ಬಿಳಚಿಕೊಂಡಿತ್ತು. "ಇಷ್ಟೊಂದು ಸೀರಿಯಸ್ ಆಗಿ ತಗೋಬೇಡ."

"ಹಂಗಾದರ ಅವರಿಗೆ ಇಂಗ್ಲಿಷಿನ್ಯಾಗ ಹೇಳ್ರಿ ನಿಮ್ಮ ಜೋಕು. ಅವರೂ ನಗಲಿ."

ಪ್ರಾಣೇಶ ಎದ್ದು ಒಳಗೆ ಹೋದ. ರಮಾಮಣಿ ತಟ್ಟೆಯಲ್ಲಿದ್ದುದನ್ನೆಲ್ಲ ಡಬ್ಬಿಗೆ ತುಂಬಿಕೊಂಡಳು. ಒಂದು ಚೂರನ್ನೂ ಆ ಮನೆಯಲ್ಲಿ ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಕಾರನ್ನು ಅವಳೇ ಓಡಿಸಿದಳು. ಟರ್ನ್‌ಪೈಕ್ ಹೆದ್ದಾರಿ ಹತ್ತಿದ ಮೇಲೆ ಚಂದ್ರಶೇಖರ, "ಅಷ್ಟು ಜನರ ಮುಂದೆ ಬೇಕಿತ್ತಾ?" ಎಂದ.

"ಅಷ್ಟು ಜನರ ಮುಂದೇ ಅಲ್ಲೇನ್ರಿ ನೀವು ನಕ್ಕದ್ದು?"

ಹಿಂದಿನ ಸೀಟಿನಲ್ಲಿದ್ದ ಯೂನ್ ಅವರಿಗೆ ರಮಾಮಣಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು.

"ನಾನು ಈ ದೇಶಕ್ಕೆ ಬಂದು ನಲವತ್ತು ವರ್ಷ," ಎಂದರು ಯೂನ್. "ಬಸ್ ಸ್ಟಾಪಿನಲ್ಲಿ ಹುಡುಗರು ಬೊಗಳಿದ್ದಾರೆ, ನನ್ನ ಮಗನಿಗೆ ಶಾಲೆಯಲ್ಲಿ ಬೊಗಳಿದ್ದಾರೆ. ನಿಮ್ಮವರ ಮನೆಯಲ್ಲೂ ಕೇಳುತ್ತೇನೆ ಅಂತ ಅಂದುಕೊಂಡಿರಲಿಲ್ಲ."

ಅಲ್ಲಿಯವರೆಗೆ ರಮಾಮಣಿಗಿದ್ದ ಸಿಟ್ಟು ತಾನು ತಂದ ತಿಂಡಿಗಾದ ಅವಮಾನದ್ದಾಗಿತ್ತು. ಈಗ ಆ ತಿಂಡಿ ನೆನಪಿಗೂ ಬರಲಿಲ್ಲ.

ಮರುದಿನ ಉಳಿದದ್ದನ್ನು ಕಂಪನಿಯ ಲ್ಯಾಬಿಗೆ ಒಯ್ದಳು; ಹನ್ನೊಂದು ಗಂಟೆಗೆಲ್ಲ ಡಬ್ಬಿ ಖಾಲಿ. ಎರಡು ವಾರ ಕಳೆದು ಓರಗಿತ್ತಿ ಪಿಸುದನಿಯಲ್ಲಿ ಫೋನ್ ಮಾಡಿ, ಆ ದಿನ ಅಡುಗೆಮನೆಯಲ್ಲಿ ಯೂಜಾ ಚಹಾ ಒಂದು ಗುಟುಕು ಕುಡಿದಿದ್ದೆ, ಗಂಟಲಿಗೆ ಹಿತವಾಗಿತ್ತು, ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ರಮಾಮಣಿ ಫೋರ್ಟ್ ಲೀಯ ಅಂಗಡಿಯ ಹೆಸರು ಹೇಳಿದಳು. "ಅವರಿಗೂ ಬೇಜಾರಾಗಿದೆ ಕಣೆ," ಎಂದಳು ಓರಗಿತ್ತಿ. ಪ್ರಾಣೇಶ ಕ್ಯಾಪ್ಸೂಲ್ ಬಿಟ್ಟಿದ್ದಾನಂತೆ. "ಕ್ಯಾಪ್ಸೂಲ್ ಬಿಡೂದು ಅವರ ಇಷ್ಟ, ಅಕ್ಕ. ಯೂನ್ ಅವರ ಬಾಗಿಲಿಗೆ ಬಂದು ತಪ್ಪಾತು ಅನ್ನಲಿ," ಎಂದು ರಮಾಮಣಿ ಫೋನ್ ಇಟ್ಟಳು.

ಹಬ್ಬಕ್ಕೆ ಕರೆ ಬಂತು, ಅವಳು ಹೋಗಲಿಲ್ಲ. ಚಂದ್ರಶೇಖರ ಒಬ್ಬನೇ ಹೋಗಿ ಬಂದ. ಅದಾದ ಒಂದು ವಾರಕ್ಕೆ ಯೂನ್ ಲಿಫ್ಟಿನಲ್ಲಿ ಸಿಕ್ಕು, ನಿನ್ನ ಗಂಡ ನಿನ್ನೆ ಬಂದಿದ್ದರು, ಆ ದಿನ ನಕ್ಕದ್ದು ತಪ್ಪು ಎಂದರು, ಬಾರ್ಲಿ ಚಹಾ ಕುಡಿದು ಹೋದರು ಎಂದು ತಿಳಿಸಿದರು. ಮನೆಯಲ್ಲಿ ಚಂದ್ರಶೇಖರ ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಸಂಜೆ ಊಟಕ್ಕೆ ಬಡಿಸುತ್ತ ರಮಾಮಣಿ, "ಯೂನ್ ಅವರು ಹೇಳಿದರು," ಎಂದಳು.

ಅವನು ತಲೆಯಾಡಿಸಿದ. "ಇನ್ನಾದ್ರೂ ಅಣ್ಣನ ಮನೆಗೆ ಬರ್ತೀಯಾ?"

"ನಿಮ್ಮದು ಮುಗೀತು. ನಿಮ್ಮಣ್ಣಂದು ಇನ್ನೂ ಆಗಿಲ್ಲ," ಎಂದು ಅವಳು ಸಾರಿನ ಪಾತ್ರೆ ಅವನ ಕಡೆಗೆ ಸರಿಸಿದಳು.