ರವೆ, ಹರಳೆಣ್ಣೆ ಮತ್ತು ಅಜ್ಜಿಯ ದೀಪ

ಒಂದು ಬಟ್ಟಲು ಚಿರೋಟಿ ರವೆ, ಒಂದು ಸೀಸೆ ಹರಳೆಣ್ಣೆ ಸ್ಕೂಲಿಗೆ ಬೇಕು ಎಂದಾಗ ಅಮ್ಮ, ನಿಮ್ಮ ಸಿಸ್ಟರುಗಳು ಉಪ್ಪಿಟ್ಟಿಗೆ ಹರಳೆಣ್ಣೆ ಒಗ್ಗರಣೆ ಹಾಕ್ತಾರೇನೇ ಎಂದು ಕೇಳಿದ್ದಳು. ಬೇಕಾದದ್ದು ಕಾನ್ವೆಂಟಿನ ಸೈನ್ಸ್ ಎಕ್ಸಿಬಿಷನ್ನಿಗೆ. ನಾನಾಗ ಹೈಸ್ಕೂಲಿನ ಕೊನೆಯ ಕ್ಲಾಸಿನಲ್ಲಿದ್ದೆ. ನನ್ನ ಪಾಲಿಗೆ ಬಂದದ್ದು ಎಲೆಕ್ಟ್ರಿಕ್ ಫೀಲ್ಡ್.

ಗಾಜಿನ ತಟ್ಟೆಯಲ್ಲಿ ಹರಳೆಣ್ಣೆ ಹುಯ್ದು, ಮೇಲೆ ಚಿಟಿಕೆ ರವೆ ಉದುರಿಸಿ, ಎರಡು ತಂತಿಗಳ ತುದಿಯನ್ನು ಎಣ್ಣೆಯಲ್ಲಿ ಅದ್ದಬೇಕು. ತಂತಿಗಳ ಇನ್ನೊಂದು ತುದಿ ಕೈಯಿಂದ ತಿರುಗಿಸುವ ವಿದ್ಯುತ್ ಯಂತ್ರಕ್ಕೆ. ಗಾಜಿನ ಚಕ್ರಗಳು ತಿರುಗಿ ಚಾರ್ಜ್ ಏರಿದಂತೆ ರವೆಯ ಕಾಳುಗಳು ಮೆಲ್ಲಗೆ ಮಗ್ಗುಲಾಗಿ, ಒಂದರ ಬಾಲ ಒಂದು ಹಿಡಿದು, ಈ ತಂತಿಯಿಂದ ಆ ತಂತಿಗೆ ಬಾಗಿದ ಗೆರೆಗಳಾಗಿ ನಿಲ್ಲುತ್ತವೆ. ಮೊದಲ ಸಲ ಕಂಡಾಗ "ಅಯ್ಯೋ, ರಂಗೋಲಿ" ಎಂದುಬಿಟ್ಟಿದ್ದೆ. ಕ್ಲಾಸಿನಲ್ಲಿ ಕನ್ನಡ ಆಡಿದರೆ ಪನಿಷ್ಮೆಂಟು. ಸೈನ್ಸ್ ಸಿಸ್ಟರ್ ಅವತ್ತು ಕೇಳಿಸದವರಂತೆ ಇದ್ದರು.

ಇಂಟರ್‌ಮೀಡಿಯೆಟ್ಟಿನಲ್ಲಿ ಸೈನ್ಸ್ ತೆಗೆದುಕೊಳ್ಳಬೇಕೆಂಬ ಹಟ ಅಲ್ಲಿಂದ ಹುಟ್ಟಿದ್ದು. ಮನೆಯಲ್ಲಿ ದೊಡ್ಡಪ್ಪ ಒಪ್ಪಲಿಲ್ಲ. ಹೆಣ್ಣುಮಗು ಸಂಜೆವರೆಗೆ ಲ್ಯಾಬಿನಲ್ಲಿ ಹುಡುಗರ ಜೊತೆ ನಿಲ್ಲುವುದೆಂದರೇನು, ಆರ್ಟ್ಸ್ ಸಾಲದೇ, ಎಂದರು. ನನ್ನ ತಂದೆಯನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅರಮನೆ ಕಚೇರಿಯ ಕೆಲಸ, ಮೆಲುಮಾತು. ಎಕ್ಸಿಬಿಷನ್ನಿಗೆ ಬರುತ್ತೇನೆ, ನೋಡಿ ತೀರ್ಮಾನ ಹೇಳುತ್ತೇನೆ ಎಂದು ಅವರು ದೊಡ್ಡಪ್ಪನ ಬಾಯಿ ಮುಚ್ಚಿಸಿದ್ದರು. ಹಾಗೆ ನನ್ನ ಸೈನ್ಸು ಒಂದು ತಟ್ಟೆ ರವೆಯ ಮೇಲೆ ನಿಂತಿತು.

ಉದ್ಘಾಟನೆಗೆ ಹಿತ್ತಾಳೆ ದೀಪ ಬೇಕಾಯಿತು. ಕಾನ್ವೆಂಟಿನಲ್ಲಿ ಇದ್ದದ್ದು ಕ್ಯಾಂಡಲ್‌ಸ್ಟ್ಯಾಂಡು. ನಮ್ಮಲ್ಲಿದೆ ಎಂದು ನಾನೇ ಹೆಮ್ಮೆಯಿಂದ ಕೈಯೆತ್ತಿದೆ. ಅಣ್ಣನ ತಾಯಿ, ತೀರಿಹೋದ ನಮ್ಮ ಅಜ್ಜಿಯ ದೀಪ ಅದು. ಅಣ್ಣ ಹುಣಸೆಹಣ್ಣು ಹಾಕಿ ತಾವೇ ಉಜ್ಜಿ, ಯಾದವಗಿರಿಯ ನಮ್ಮ ಮನೆಯಿಂದ ಜಟಕಾದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದರು. ಗೇಣುದ್ದದ ದೀಪವಾದ್ದರಿಂದ ಅದಕ್ಕೊಂದು ಮೇಜು ಬೇಕು. ಬಾಗಿಲಿಗೆ ಹತ್ತಿರವಿದ್ದದ್ದು ನನ್ನದೇ ಮೇಜು. ತಟ್ಟೆಯ ಪಕ್ಕಕ್ಕೆ, ತಂತಿಗಳಿಗೆ ತೀರ ಹತ್ತಿರ ಇಟ್ಟರು. ಗೆಸ್ಟ್ ಆಗಿ ಬಂದಿದ್ದ ಹೆಂಗಸು ಬತ್ತಿ ಹಚ್ಚಿದರು, ಎಲ್ಲರೂ ಕ್ಲ್ಯಾಪ್ ಮಾಡಿದರು, ನಾನು ಹಿಡಿಕೆ ತಿರುಗಿಸಿದೆ.

ರವೆ ಅಲುಗಲಿಲ್ಲ.

ಬೆಳಿಗ್ಗೆ ತಾನೇ ಚೆನ್ನಾಗಿ ನಡೆದಿತ್ತು. ಇನ್ನೂ ಜೋರಾಗಿ ತಿರುಗಿಸಿದೆ. ರವೆ ಎಣ್ಣೆಯಲ್ಲಿ ಸುಮ್ಮನೆ ತೇಲುತ್ತಿತ್ತು. ದೀಪದ ಕುಡಿ ಮಾತ್ರ ಒಂದು ತಂತಿಯ ಕಡೆಗೆ ವಾಲಿ ನಡುಗಿತು. ಕಿಟಕಿಗಳು ಮುಚ್ಚಿದ್ದವು. ಆಗ ಹೊಳೆಯಿತು. ಉರಿಯಲ್ಲಿ ಚಾರ್ಜ್ ಹೊತ್ತ ಕಣಗಳಿರುತ್ತವೆ, ಅವು ತಂತಿಗಳ ಕಡೆ ಹರಿದು ನಾನು ಕೂಡಿಸುವ ಚಾರ್ಜನ್ನೆಲ್ಲ ಕೂಡಿಸಿದ ಹಾಗೇ ಕಳೆಯುತ್ತವೆ ಎಂದು ಸಿಸ್ಟರ್ ಪಾಠ ಮಾಡಿದ್ದರು. ನಾನು ತೋರಿಸಬೇಕೆಂದಿದ್ದ ಸೆಳೆತ ಆ ಕುಡಿಯಲ್ಲಿ ಎಲ್ಲರ ಕಣ್ಣೆದುರೇ ಕಾಣುತ್ತಿತ್ತು. ಅಣ್ಣನಿಗೆ ಅದು ಗಾಳಿಯಾಗಿ ಕಂಡಿತು. ಶುಭಕಾರ್ಯದಲ್ಲಿ ದೀಪ ಆರಿದರೆ ಮಗಳಿಗೆ ಕೇಡೆಂದು ಗುಂಪಿನಿಂದ ಮುಂದೆ ಬಂದು, ಎರಡೂ ಅಂಗೈ ಅಡ್ಡ ಹಿಡಿದು ನಿಂತರು.

"ದೀಪ ಸ್ವಲ್ಪ ಆಚೆ ಇಡೋಣ ಅಣ್ಣ."

"ಹಚ್ಚಿದ ದೀಪ ಕದಲಿಸಬಾರದು ಕಣಮ್ಮ. ನಾನು ಹಿಡ್ಕೊಂಡಿದೀನಿ, ನೀನು ತಿರುಗಿಸು."

ಯಂತ್ರವನ್ನು ಮೇಜಿಗೆ ತಿರುಪು ಹಾಕಿ ಬಿಗಿದಿತ್ತು, ಅದನ್ನೂ ಸರಿಸುವಂತಿರಲಿಲ್ಲ. ಸಿಸ್ಟರ್ ಕಡೆ ನೋಡಿದೆ. ಅವರಿಗೂ ಗೊತ್ತಾಗಿತ್ತು. ಆದರೆ ಬೇರೆಯವರ ಮನೆಯ ದೀಪ, ಗೆಸ್ಟ್ ಹಚ್ಚಿದ್ದು; ಅದನ್ನು ನಂದಿಸಿ ಎಂದು ಕಾನ್ವೆಂಟಿನ ಸಿಸ್ಟರೊಬ್ಬರು ಹೇಳುವುದಾದರೂ ಹೇಗೆ? ಅವರು ಕತ್ತಿನ ಶಿಲುಬೆಯನ್ನು ಹಿಡಿದುಕೊಂಡು ನಿಂತುಬಿಟ್ಟರು. ನಾನು ತಿರುಗಿಸುತ್ತಲೇ ಇದ್ದೆ. ಪೂರ್ ಥಿಂಗ್ ಎಂದು ಗೆಸ್ಟ್ ಮುಂದಿನ ಮೇಜಿಗೆ ಹೋದರು. ಅಣ್ಣ ಮಾತ್ರ ಕದಲಲಿಲ್ಲ, ಅಂಗೈ ಕಾದು ಕೆಂಪಾಗಿದ್ದವು.

ಜನ ಕರಗಿದ ಮೇಲೆ ಎಣ್ಣೆ ತೀರಿ ದೀಪ ತಾನಾಗಿ ಶಾಂತವಾಯಿತು. ಅಣ್ಣ ಅದಕ್ಕೆ ಕೈ ಮುಗಿದರು. ನಾನು ಕೊನೆಯ ಆಸೆಯಿಂದ ಅವರನ್ನು ನಿಲ್ಲಿಸಿಕೊಂಡು ಮತ್ತೆ ಹಿಡಿಕೆ ತಿರುಗಿಸಿದೆ. ನಾಲ್ಕು ಸುತ್ತಿಗೇ ರವೆ ಎದ್ದು ಸಾಲು ಹಿಡಿಯಿತು. ಅಷ್ಟು ಚೆಂದ ಅದು ನನ್ನ ಕೈಗೆ ಹಿಂದೆಂದೂ ಬಂದಿರಲಿಲ್ಲ. ಅಣ್ಣ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ನಾನು ಕಾರಣ ವಿವರಿಸಿದೆ: ಉರಿ, ಕಣ, ತಂತಿ, ಎಲ್ಲ. ಹೇಳುತ್ತಾ ಹೇಳುತ್ತಾ ಅವರ ಮುಖ ಬಾಡುತ್ತಿರುವುದು ಕಾಣುತ್ತಿತ್ತು. ನಿಲ್ಲಿಸಲು ನನಗೆ ತಿಳಿಯಲಿಲ್ಲ.

"ಅಂದ್ರೆ ದೀಪ ಇರೋವರೆಗೆ ಇದು ಬರೋದಿಲ್ಲ?"

"ಹತ್ತಿರ ಇದ್ದರೆ ಬರೋದಿಲ್ಲ ಅಣ್ಣ."

ಅವರು ತಟ್ಟೆಯನ್ನೇ ನೋಡುತ್ತಿದ್ದರು. "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಆದರೆ ಅಮ್ಮನ ದೀಪ ಆರಿದ ಮೇಲೆ ಬರೋ ವಿದ್ಯೆ ನಮ್ಮನೆಗೆ ಬೇಡ ಕಣಮ್ಮ."

ಕೋಪದಿಂದ ಹೇಳಿದ್ದರೆ ವಾದ ಮಾಡುತ್ತಿದ್ದೆನೋ ಏನೋ. ಅವರು ನನ್ನಲ್ಲಿ ಕ್ಷಮೆ ಕೇಳುವವರ ಹಾಗೆ ಹೇಳಿದರು.

ಜಟಕಾದಲ್ಲಿ ದೀಪವನ್ನು ನನ್ನ ಮಡಿಲಿಗೆ ಕೊಟ್ಟರು. ಹಿತ್ತಾಳೆ ಇನ್ನೂ ಬೆಚ್ಚಗಿತ್ತು. ದಾರಿಯುದ್ದಕ್ಕೂ ಅಣ್ಣ, ಇಂಗ್ಲಿಷ್ ಲಿಟರೇಚರ್ ಎಷ್ಟು ಒಳ್ಳೆಯ ಸಬ್ಜೆಕ್ಟು ಎಂದು ಹೇಳುತ್ತಾ ಬಂದರು. ನಾನು ಹೂಂ ಎನ್ನುತ್ತಾ, ಬೆರಳಿಗಂಟಿದ ಹರಳೆಣ್ಣೆಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದೆ.