ಸಿಡಿಯೊಳಗಿನ ಕಾಫಿ ಹೂ

ಮೊನ್ನೆ ಕೆ. ಹೊಸಕೋಟೆಯಲ್ಲಿ ಭಾವನ ತರಕಾರಿ ತೋಟಕ್ಕೆ ಹೋಗಿದ್ದೆ. ಹಕ್ಕಿ ಹೆದರಿಸಲು ಬೀನ್ಸ್ ಬಳ್ಳಿಯ ಮೇಲೆ ಕಟ್ಟಿದ್ದ ಹಳೆಯ ಸಿಡಿಯೊಂದು ಬಿಸಿಲಿಗೆ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ ಮಾರ್ಕರ್‌ನಲ್ಲಿ ಬರೆದ ಎರಡು ಪದ: ‘ಸಣ್ಣ ವಿಂಡೋಸ್’. ಆ ವಾಲಿದ ಬರಹ ಬಾಳ್ಳುಪೇಟೆಯ ಕಂಪ್ಯೂಟರ್ ಅಂಗಡಿ ಅಣ್ಣನದು. ಅಥವಾ ಹಾಗೆಂದು ನನಗನ್ನಿಸಿತು...

ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಗೆ ಅಂಟಿಕೊಂಡ ಕೋಣೆ ಅವನದು. ಕಾಲೇಜಿನಿಂದ ಬರುವಾಗ ನಾನು ಅಲ್ಲಿ ಕೂರುತ್ತಿದ್ದೆ. ಎಸ್ಟೇಟ್ ಆಫೀಸುಗಳ ಮುದಿ ಕಂಪ್ಯೂಟರುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಅವಕ್ಕೆ ಪೂರ್ತಿ ವಿಂಡೋಸ್ ಹೊರಲಾಗದ ಭಾರ. ಅದಕ್ಕೇ ಅವನು ಆಟಗಳು, ಯಾರೂ ಕಂಡಿರದ ಪ್ರಿಂಟರುಗಳ ಡ್ರೈವರ್‌ಗಳು, ಅಲಂಕಾರ ಎಲ್ಲವನ್ನೂ ಕಿತ್ತು, ಉಳಿದದ್ದರಿಂದ ತನ್ನದೇ ಸಿಡಿ ಮಾಡಿದ್ದ. ಏನಾದರೂ ಹೆಚ್ಚು ಕಿತ್ತು ಯಂತ್ರ ಮುನಿಸಿಕೊಂಡರೆ ಮತ್ತೆ ಮೊದಲಿನಿಂದ.

“ಕಾಫಿ ಹಣ್ಣು ಪಲ್ಪರ್‌ಗೆ ಹಾಕ್ದಂಗೆ ಕಣೋ. ಸಿಪ್ಪೆ ಹೋಗ್ಬೇಕು, ಬೀಜ ಒಡೀಬಾರ್ದು,” ಎನ್ನುತ್ತಿದ್ದ.

ಅವನು ಸೇರಿಸಿದ್ದು ಒಂದನ್ನೇ: ಅಂಗಡಿಯ ಹಿಂದಿನ ಗಿಡದಲ್ಲಿ ಅರಳಿದ ಕಾಫಿ ಹೂವಿನ ಫೋಟೋ. ಕಂಪ್ಯೂಟರ್ ತೆರೆದರೆ ಮೊದಲು ಕಾಣುವುದು ಅದೇ.

ಊರ ಶಾಲೆಗೆ ಯಾರೋ ಹಳೆಯ ಕಂಪ್ಯೂಟರುಗಳನ್ನು ದಾನ ಕೊಟ್ಟರು. ಅವನ್ನು ಸಜ್ಜು ಮಾಡಿ ಮಕ್ಕಳಿಗೆ ಕಲಿಸುವ ಕೆಲಸ ತನಗೇ ಎಂದು ಅವನು ನಂಬಿದ್ದ. “ಇನ್ಮೇಲೆ ಮೇಷ್ಟ್ರೇ ಅನ್ಬೇಕು ನೀನು,” ಎಂದು ನಕ್ಕಿದ್ದ. ತೋರಿಸುವ ದಿನ ನಾನೂ ಜೊತೆಗಿದ್ದೆ. ಯಂತ್ರ ಚಕ್ಕನೆ ತೆರೆಯಿತು. ಹೆಡ್ ಮೇಷ್ಟ್ರು ತಾವು ತಂದಿದ್ದ ಕನ್ನಡ ಪಾಠವೊಂದನ್ನು ತೆರೆಸಿದರು. ಪರದೆಯ ತುಂಬ ಖಾಲಿ ಚೌಕಗಳು. ಎಸ್ಟೇಟ್ ಆಫೀಸಿನ ರೈಟರ್‌ಗಳ ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ ಇರುತ್ತಿದ್ದುದರಿಂದ ಅವನು ಕನ್ನಡವನ್ನೂ ಸಿಪ್ಪೆಯೊಂದಿಗೆ ತೆಗೆದಿದ್ದ.

“ಏನಯ್ಯಾ, ಕನ್ನಡನೇ ಗುಡಿಸಾಕ್ಬುಟ್ಟಿದೀಯಲ್ಲ!”

“ಸೇರಿಸ್ಕೊಂಡ್ ಬತ್ತೀನಿ ಸಾ.”

ಸಿಡಿ ಇಲ್ಲೇ ಇರಲಿ ಎಂದರು. ಬಿಟ್ಟು ಬಂದ. ಕನ್ನಡ ಸೇರಿಸಿ ಹೊಸದನ್ನು ಒಯ್ಯುವಷ್ಟರಲ್ಲಿ ಕೆಲಸ ಹಾಸನದ ಡೀಲರ್ ಒಬ್ಬನಿಗೆ ಹೋಗಿತ್ತು.

ಉದ್ಘಾಟನೆಯನ್ನು ನಾವಿಬ್ಬರೂ ಕಿಟಕಿಯ ಹೊರಗೆ ನಿಂತು ನೋಡಿದೆವು. ಸಾಲಾಗಿ ಪರದೆಗಳು ಬೆಳಗಿದವು. ಎಲ್ಲದರಲ್ಲೂ ಕಾಫಿ ಹೂ. ಇವನ ಸಿಡಿಗೇ ಕನ್ನಡ ಸೇರಿಸಿದ ಡೀಲರ್, ಹೂ ತೆಗೆಯಲು ಮರೆತಿದ್ದ. ಮಕ್ಕಳು ಆ ಡೀಲರ್‌ಗೆ “ನಮಸ್ತೇ ಮೇಷ್ಟ್ರೇ” ಎಂದರು.

“ನಮ್ಮ ಗಿಡದ್ದು ಕಣೋ ಅದು.”

“ಒಳಗೋಗಿ ಹೇಳಣ್ಣ.”

“ಹೂವಿನ ಮೇಲೆ ನನ್ನೆಸ್ರು ಬರ್ದೈತಾ ಮಾರಾಯ? ನಡಿ.”

ಯೂನಿವರ್ಸಿಟಿಯಲ್ಲಿ ಯಾವುದಕ್ಕೂ ಸಾಕ್ಷಿ ಕೇಳುವುದನ್ನು ಕಲಿತ ಮೇಲೆ ಈ ನೆನಪನ್ನೂ ಬಹಳ ಸಲ ಕಟಕಟೆಗೆ ನಿಲ್ಲಿಸಿದ್ದೇನೆ. ಕಾಫಿ ಹೂಗಳೆಲ್ಲ ಒಂದೇ ಥರ. ಚಿತ್ರದ ಮೂಲೆಯಲ್ಲಿ ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿ ಕಾಣುತ್ತಿತ್ತು... ಇಲ್ಲ, ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ. ರಸ್ತೆ ಅಗಲ ಮಾಡಿದಾಗ ಅಂಗಡಿ ಹೋಯಿತು, ಗಿಡವೂ ಹೋಯಿತು. ಅಣ್ಣ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಂಗಳುಗಳ ನಂತರ.

ಈಗ ಸಾಕ್ಷಿ ಕೈಯಲ್ಲೇ ಇತ್ತು. ಒರೆಸಿ ಬೆಳಕಿಗೆ ಹಿಡಿದೆ. ಬರಹವಿದ್ದ ಚೂರು ಬಿಟ್ಟು, ಹೂವನ್ನು ಹಿಡಿದಿಟ್ಟಿರಬೇಕಾದ ಬೆಳ್ಳಿ ಪದರವೆಲ್ಲ ಬಿಸಿಲು ಮಳೆಗೆ ಸುಲಿದುಹೋಗಿ, ಆಚೆಯ ಬೀನ್ಸ್ ಎಲೆಗಳು ಕಾಣುತ್ತಿದ್ದವು.

“ಅದ್ಯಾಕ್ ಬಿಚ್ಚಿದ್ರಿ? ಹಕ್ಕಿ ಬತ್ತವೆ, ಕಟ್ರೀ,” ಎಂದರು ಭಾವ.

ಕಟ್ಟಿದೆ.